ನೀರಿಗಿಳಿಯುವ ಗಾಡಿಗೆ ಎಷ್ಟು ಕಬ್ಬಿಣ ಬೇಕು?

ವರ್ಕ್‌ಶಾಪ್‌ನಲ್ಲಿ ನಮಗೆಲ್ಲ ಒಂದು ಚಟ ಇದೆ. ಏನಾದ್ರೂ ಮುರಿದರೆ ಅದರ ಮೇಲೊಂದು ಪಟ್ಟಿ ಇಟ್ಟು ವೆಲ್ಡ್ ಮಾಡಿಬಿಡೋದು. ಮತ್ತೆ ಮುರಿದರೆ ಇನ್ನೂ ದಪ್ಪದ ಪಟ್ಟಿ! ನೆಲದ ಮೇಲೆ ಓಡೋ ಗಾಡಿಯಲ್ಲಿ ಇದು ಹೇಗೋ ನಡೆದುಹೋಗುತ್ತೆ. ಅದೇ ಗಾಡಿ ಕೆರೆಗೂ ಇಳಿಯಬೇಕು ಅಂದರೆ? ಆಗ ಪ್ರತಿಯೊಂದು ಪಟ್ಟಿಗೂ ನೀರು ಲೆಕ್ಕ ಕೇಳುತ್ತೆ.

ಇಂಥ ಗಾಡಿಗಳ ತವರು ಉತ್ತರ ಅಮೆರಿಕ. ದೋಣಿಯಂಥ ಪ್ಲಾಸ್ಟಿಕ್ ಒಡಲು, 6 ಅಥವಾ 8 ಚಕ್ರ, ಕಡಿಮೆ ಗಾಳಿಯ ದಪ್ಪ ಟೈರು. ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ 1967ರಿಂದ ತಯಾರಾಗುತ್ತಿರುವ ಆರ್ಗೋ ಇವುಗಳಲ್ಲಿ ಹೆಸರುವಾಸಿ. ಕೆಸರು, ಹಿಮ, ಜೌಗು ದಾಟಿ ನೀರಿಗಿಳಿದರೆ ತಿರುಗುವ ಟೈರುಗಳೇ ಹುಟ್ಟು ಹಾಕುತ್ತವೆ. 1970ರ ದಶಕದ ಹಳೇ ಗಾಡಿಗಳನ್ನು ಶೆಡ್‌ನಿಂದ ಹೊರಗೆಳೆದು ಮತ್ತೆ ಕಟ್ಟುವವರು ಅಲ್ಲಿ ಈಗಲೂ ಇದ್ದಾರೆ. ಅವರ ಕೆಲಸ ನೋಡಿದರೆ ನಮ್ಮ ಸಿಲಬಸ್ಸಿನ ಅರ್ಧ ಅಲ್ಲೇ ಸಿಗುತ್ತೆ.

ಮೊದಲು ಒಡಲು. ಬಿರುಕು ಮುಚ್ಚೋ ಮುಂಚೆ ಅದು ಯಾವ ಪ್ಲಾಸ್ಟಿಕ್ ಅಂತ ಗೊತ್ತಿರಬೇಕು. ಒಂದು ಚೂರು ಕೆರೆದು, ಒಂದು ಹನಿ ಸೋಪು ಹಾಕಿದ ನೀರಿನ ಲೋಟಕ್ಕೆ ಬಿಡಿ. ತೇಲಿದರೆ ಎಚ್‌ಡಿಪಿಇ ಇರಬಹುದು, ಅದರ ಸಾಂದ್ರತೆ ಸುಮಾರು 0.95. ಮುಳುಗಿದರೆ ಎಬಿಎಸ್ ಅಥವಾ ಫೈಬರ್‌ಗ್ಲಾಸ್. ಎಬಿಎಸ್ ಅಸಿಟೋನಿನಲ್ಲಿ ಕರಗುತ್ತೆ, ಹಾಗಾಗಿ ಅದರದೇ ಪೇಸ್ಟ್ ಮಾಡಿ ಮೆತ್ತಬಹುದು. ಎಚ್‌ಡಿಪಿಇಗೆ ಯಾವ ಅಂಟೂ ಸರಿಯಾಗಿ ಹಿಡಿಯಲ್ಲ. ಅದೇ ಪ್ಲಾಸ್ಟಿಕ್ಕಿನ ಕಡ್ಡಿ ಹಿಡಿದು ಬಿಸಿಗಾಳಿಯಲ್ಲಿ ಬೆಸೆಯಬೇಕು.

ಈಗ ತೂಕದ ಲೆಕ್ಕ. ಒಡಲಿನ ತಳ 2 ಮೀಟರ್ ಉದ್ದ, 1.2 ಮೀಟರ್ ಅಗಲ ಅಂದುಕೊಳ್ಳಿ. ಅಂದರೆ 2.4 ಚದರ ಮೀಟರ್. ಟೈರುಗಳ ಪಾಲು ಬಿಟ್ಟರೆ, ಪ್ರತಿ 24 ಕೆ.ಜಿ.ಗೆ ಗಾಡಿ 1 ಸೆಂ.ಮೀ. ಕೆಳಗಿಳಿಯುತ್ತೆ. 'ಇರಲಿ ಬಿಡು' ಅಂತ 72 ಕೆ.ಜಿ. ಕಬ್ಬಿಣ ಸೇರಿಸಿದರೆ 3 ಸೆಂ.ಮೀ. ಹೋಯ್ತು. ಅಂಚಿಗೂ ನೀರಿಗೂ ನಡುವಿನ ಅಂತರದಲ್ಲಿ ಅದು ಸಣ್ಣದಲ್ಲ. ಒಂದು ಅಲೆ ಸಾಕು.

ಹಾಗಾದರೆ ಗಟ್ಟಿ ಮಾಡೋದು ಹೇಗೆ? ಭಾರ ಎಲ್ಲಿಂದ ಎಲ್ಲಿಗೆ ಹರಿಯುತ್ತೆ ಅಂತ ನೋಡಬೇಕು. ಈ ಗಾಡಿಗಳಲ್ಲಿ ಸಾಮಾನ್ಯವಾಗಿ ಸಸ್ಪೆನ್ಷನ್ ಇರಲ್ಲ, ಟೈರೇ ಸ್ಪ್ರಿಂಗು. ಒಂದು ಚಕ್ರ ಬಂಡೆ ಹತ್ತಿದರೆ ಇಡೀ ಚಾಸಿ ತಿರುಚಿಕೊಳ್ಳುತ್ತೆ. 40×40×3 ಮಿ.ಮೀ. ಆಂಗಲ್ ಮೀಟರಿಗೆ ಸುಮಾರು 1.8 ಕೆ.ಜಿ. ಅದೇ ಅಳತೆಯ ಚೌಕ ಟ್ಯೂಬು ಸುಮಾರು 3.5 ಕೆ.ಜಿ. ತೂಕ ಎರಡರಷ್ಟೂ ಆಗಲಿಲ್ಲ, ಆದರೆ ತಿರುಚುವಿಕೆಯನ್ನು ತಡೆಯುವ ಬಿಗುವು ಸುಮಾರು 200 ಪಟ್ಟು! ನಂಬಿಕೆ ಬರದಿದ್ದರೆ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಪುಸ್ತಕ ತೆಗೆದು, ತೆರೆದ ಮತ್ತು ಮುಚ್ಚಿದ ಸೆಕ್ಷನ್ನುಗಳ ಸೂತ್ರ ಹಾಕಿ ನೋಡಿ. ಒಂದೇ ಎಚ್ಚರಿಕೆ: ಟ್ಯೂಬಿನ ತುದಿ ಪೂರ್ತಿ ಮುಚ್ಚಿರಬೇಕು, ಇಲ್ಲವೇ ನೀರು ಇಳಿದುಹೋಗಲು ತೂತಿರಬೇಕು. ಅರ್ಧಂಬರ್ಧ ಮಾಡಿದರೆ ಒಳಗಿಂದ ತುಕ್ಕು ತಿನ್ನುತ್ತೆ, ಹೊರಗೆ ಬಣ್ಣ ಮಾತ್ರ ಫಳಫಳ.

ಇನ್ನು ಚೈನು. ಈ ಗಾಡಿ ತಿರುಗೋದು ಯುದ್ಧದ ಟ್ಯಾಂಕಿನ ಹಾಗೆ, ಒಂದು ಬದಿ ತಡೆದು ಇನ್ನೊಂದು ಬದಿ ಓಡಿಸಿ. ಆಗ ಮುಂದಿನ, ಹಿಂದಿನ ಟೈರುಗಳು ಅಡ್ಡಡ್ಡ ಉಜ್ಜುತ್ತವೆ; ಆ ಎಳೆತವನ್ನೆಲ್ಲ ಚೈನು ತಡೆದುಕೊಳ್ಳಬೇಕು. 'ಚೈನ್ ಜಗ್ಗಿದೆ' ಅಂತೀವಲ್ಲ, ನಿಜದಲ್ಲಿ ಸವೆದಿರೋದು ಪಿನ್ನು ಮತ್ತು ಬುಶ್ಶು. 50ನೇ ನಂಬರಿನ ಚೈನಿನ ಪಿಚ್ 15.875 ಮಿ.ಮೀ. ಹತ್ತು ಪಿಚ್ ಅಳೆದಾಗ 158.75 ಬರಬೇಕು. 162 ದಾಟಿದರೆ 2% ಮೀರಿ ಸವೆದಿದೆ ಅಂತ ಅರ್ಥ. ಹೊಸ ಚೈನನ್ನು ಸವೆದ ಸ್ಪ್ರಾಕೆಟ್ ಮೇಲೆ ಹಾಕಿದರೆ ಅದೂ ಬೇಗ ಹಾಳು. 60ನೇ ನಂಬರಿಗೆ ಹೋಗ್ತೀರಾ? ಪಿಚ್ 19.05 ಆಗುತ್ತೆ, ಎಲ್ಲ ಸ್ಪ್ರಾಕೆಟ್ಟೂ ಬದಲಾಗಬೇಕು. ಮೇಲಾಗಿ ಇನ್ನು ಮುಂದೆ ಮುರಿಯೋದು ಚೈನಲ್ಲ, ಆಕ್ಸಲ್ಲೋ ಗೇರ್‌ಬಾಕ್ಸೋ ಆಗಬಹುದು. ಕೆರೆಯ ನಡುವೆ ಒಂದು ಬದಿಯ ಮುಖ್ಯ ಚೈನು ಹೋದರೆ ಗಾಡಿ ಇದ್ದಲ್ಲೇ ಗಿರಗಿರ ಸುತ್ತುತ್ತೆ, ದಡ ಮಾತ್ರ ಸಿಗಲ್ಲ.

ಕೊನೆಗೆ ಸೀಲು. ಆಕ್ಸಲ್ ಹೊರಬರುವ ತೂತುಗಳು ನೀರಿನ ಮಟ್ಟದ ಕೆಳಗಿರುತ್ತವೆ. 20 ಸೆಂ.ಮೀ. ಆಳದಲ್ಲಿ 10 ಮಿ.ಮೀ. ತೂತಿದ್ದರೆ ನಿಮಿಷಕ್ಕೆ ಸುಮಾರು 5.5 ಲೀಟರ್ ಒಳಗೆ ಬರುತ್ತೆ. ಹತ್ತು ನಿಮಿಷಕ್ಕೆ 55 ಕೆ.ಜಿ., ಟಿಕೆಟ್ ಇಲ್ಲದ ಒಬ್ಬ ಪ್ರಯಾಣಿಕ ಹತ್ತಿದ ಹಾಗೆ. ಆ ಪ್ರಯಾಣಿಕ ಸುಮ್ಮನೆ ಕೂರಲ್ಲ. ಗಾಡಿ ಯಾವ ಕಡೆ ವಾಲುತ್ತೋ ಅದೇ ಕಡೆ ಓಡಿ ಇನ್ನಷ್ಟು ವಾಲಿಸ್ತಾನೆ. ಅದಕ್ಕೇ ಮೊದಲ ಪರೀಕ್ಷೆ ಮೊಣಕಾಲುದ್ದ ನೀರಿನಲ್ಲೇ ಆಗಬೇಕು. ಒಳಗೆಲ್ಲ ಒರೆಸಿ ಒಣಗಿಸಿ, ದಡಕ್ಕೆ ಹಗ್ಗ ಕಟ್ಟಿ, ಜನರ ಬದಲು ಮರಳಿನ ಮೂಟೆ ಇಟ್ಟು ಅರ್ಧ ಗಂಟೆ ಕಾಯಿರಿ. ಎಲ್ಲಿ ಒದ್ದೆಯಾಯಿತು ಅಂತ ಗುರುತು ಮಾಡಿ. ಆಮೇಲೆ ಲೈಫ್ ಜಾಕೆಟ್ ಹಾಕಿಕೊಂಡು ನೀವು ಹತ್ತಿ.

ಹಳೇ ಗಾಡಿ ನೀರಿಗಿಳಿಯಲಿ, ಇಳಿಯದಿರಲಿ, ಮುಂದಿನ ಸಲ ವೆಲ್ಡಿಂಗ್ ಹೋಲ್ಡರ್ ಕೈಗೆತ್ತಿಕೊಂಡಾಗ ಒಂದು ಕ್ಷಣ ನಿಲ್ಲಿ. ಈ ಪಟ್ಟಿ ಭಾರ ಹೊರುತ್ತಾ, ಇಲ್ಲ ತಾನೇ ಒಂದು ಭಾರವಾ? ಉತ್ತರ ಗೊತ್ತಾಗದಿದ್ದರೆ ಹೋಲ್ಡರ್ ಕೆಳಗಿಟ್ಟು, ಪೆನ್ನು ಎತ್ತಿಕೊಳ್ಳಿ.