ರಸವೆಂಬ ಎರಡಕ್ಷರ

ಸಾರವಾಡ, ಬಬಲೇಶ್ವರ, ತಿಕೋಟಾಗಳ ಕಡೆಯ ದ್ರಾಕ್ಷಿ ಬೆಳೆಗಾರನು ರಸ ತುಂಬಿದ ಗೊಂಚಲುಗಳನ್ನು ಕೊಯ್ದು, ರಸ್ತೆ ಹಿಡಿದು ವಿಜಯಪುರದ ಪೇಟೆಯನ್ನು ಸೇರಿ, ಮಾಲನ್ನು ತೂಗಿಸಿ, ಅಡತಿ ಅಂಗಡಿಯಲ್ಲಿ ರಸೀದಿಯನ್ನು ಪಡೆದು ಮರಳುವಷ್ಟರಲ್ಲಿ, ಅವನ ನಾಲಗೆಯ ಮೇಲೆ ಒಂದೇ ಧ್ವನಿ ಮೂರು ಸಲ ಸುಳಿದಿರುತ್ತದೆ. ಆದರೆ ಆ ಮೂರು ಶಬ್ದಗಳಿಗೂ ಪರಸ್ಪರ ರಕ್ತಸಂಬಂಧವಿಲ್ಲ.

ಹಣ್ಣಿನೊಳಗಿನ ರಸವು ಸಂಸ್ಕೃತದ್ದು. ದ್ರವ, ರುಚಿ ಎಂಬ ಅರ್ಥಗಳಿಂದ ಹೊರಟು, ರಸವೈದ್ಯರಲ್ಲಿ ಪಾದರಸವಾಗಿಯೂ ಕಾವ್ಯಮೀಮಾಂಸಕರಲ್ಲಿ ಸಹೃದಯನ ಆಸ್ವಾದವಾಗಿಯೂ ಬೆಳೆದ ಈ ಶಬ್ದದ ಸಗೋತ್ರರು ಯುರೋಪಿನಲ್ಲಿಯೂ ಇದ್ದಾರೆ; ಲಿಥುವೇನಿಯದ ಜನರು ಇಬ್ಬನಿಯನ್ನು ಇಂದಿಗೂ 'ರಸ' ಎಂದೇ ಕರೆಯುತ್ತಾರೆ. ರಸ್ತೆಯಾದರೋ, 'ನೆಟ್ಟಗಿನದು' ಎಂಬರ್ಥದ ಪಾರಸಿಯ 'ರಾಸ್ತ್' ಶಬ್ದದ ಸಂತತಿ. ರಸೀದಿಯೂ ಪಾರಸಿಯದೇ, ಆದರೆ ಅದರ ಧಾತು ಬೇರೆ: 'ರಸೀದನ್' ಎಂದರೆ ತಲುಪುವುದು, 'ರಸೀದ್' ಎಂದರೆ ತಲುಪಿತು. ಇಂಗ್ಲಿಷಿನ 'ರಿಸೀಟ್' ಎಂಬುದು ಅರ್ಥದಲ್ಲಿಯೂ ಧ್ವನಿಯಲ್ಲಿಯೂ ಇದಕ್ಕೆ ಇಷ್ಟು ಸಮೀಪವಾಗಿದ್ದರೂ ಲ್ಯಾಟಿನ್ನಿನ ಬೇರೊಂದು ಧಾತುವಿನಿಂದ ಬಂದುದು.

ಹೀಗಾಗುವುದಕ್ಕೆ ಕಾರಣ ಸರಳವಾದುದು. ಭಾಷೆಯೊಂದು ಬಳಸುವ ಧ್ವನಿಗಳು ಸಾಮಾನ್ಯವಾಗಿ ಕೆಲವೇ ಹತ್ತುಗಳು, ಶಬ್ದಗಳು ಸಾವಿರಾರು. ಆದಕಾರಣ ಎರಡಕ್ಷರದ ಶಬ್ದಗಳು ಆಕಸ್ಮಿಕವಾಗಿ ಒಂದನ್ನೊಂದು ಹೋಲುವುದು ಅನಿವಾರ್ಯ.

ಈ ಆಕಸ್ಮಿಕವನ್ನೇ ಒಬ್ಬ ಅರಸು ಬುದ್ಧಿಪೂರ್ವಕವಾಗಿ ಬಳಸಿಕೊಂಡದ್ದು ಇದೇ ವಿಜಯಪುರದಲ್ಲಿ. 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲಶಾಹಿಯು, ಜಗದ್ಗುರುವೆಂದು ಹೆಸರಾದ ಸಂಗೀತಪ್ರಿಯನು, ದಖನಿಯಲ್ಲಿ ತಾನು ರಚಿಸಿದ ಗೀತಗಳ ಗ್ರಂಥಕ್ಕೆ 'ಕಿತಾಬ್-ಎ-ನೌರಸ್' ಎಂದು ಹೆಸರಿಟ್ಟು, 1599ರಲ್ಲಿ ನಗರದ ಪಶ್ಚಿಮಕ್ಕೆ ತೊರವಿಯ ಬಳಿ ಕಟ್ಟಲಾರಂಭಿಸಿದ ಹೊಸ ಪಟ್ಟಣವನ್ನೂ ನೌರಸಪುರವೆಂದು ಕರೆದನು. ಭರತನ ನಾಟ್ಯಶಾಸ್ತ್ರವನ್ನು ಬಲ್ಲ ಪರಂಪರೆಯವನಿಗೆ ಅದು ನವರಸ, ಎಂದರೆ ಒಂಬತ್ತು ರಸ. ಇರಾನಿನಿಂದ ಬಂದ ಆಸ್ಥಾನಿಕನಿಗೆ ಅದೇ 'ನೌ-ರಸ್', ಎಂದರೆ ಹೊಸತಾಗಿ ಬಂದುದು, ಹೊಸ ಫಲ. ಆ ಗ್ರಂಥಕ್ಕೆ ಪಾರಸಿಯಲ್ಲಿ ಮುನ್ನುಡಿ ಬರೆದ ಕವಿ ಜುಹೂರಿಯು ಈ ಎರಡು ಅರ್ಥಗಳನ್ನೂ ಎತ್ತಿ ತೋರಿಸಿದ್ದಾನೆ. ಶಬ್ದದ ಎರಡು ಭಾಗಗಳೂ ಎರಡೂ ಭಾಷೆಗಳಲ್ಲಿ ಬೇರೆ ಬೇರೆ ಅರ್ಥ ಕೊಟ್ಟು, ಕೂಡಿದಾಗಲೂ ಎರಡೂ ಕಡೆ ಸೊಗಸಾಗಿ ಹೊಂದಿಕೊಳ್ಳುವ ಇಂಥ ಶ್ಲೇಷವು ಕನ್ನಡ ನೆಲದಲ್ಲಿ ಮತ್ತೊಂದು ದೊರೆಯುವುದು ಕಷ್ಟವೆಂದೇ ನನ್ನ ಎಣಿಕೆ.

ಆದರೆ ಇಲ್ಲಿ ಆಕಸ್ಮಿಕವಲ್ಲದ ಅಂಶವೊಂದಿದೆ. ಪಾರಸಿಯ 'ನೌ' ಶಬ್ದವೂ 'ಹೊಸ' ಎಂಬರ್ಥದ ಸಂಸ್ಕೃತದ 'ನವ' ಶಬ್ದವೂ ನಿಜವಾದ ಸೋದರರು. ಲ್ಯಾಟಿನ್ನಿನ 'ನೋವುಸ್', ಇಂಗ್ಲಿಷಿನ 'ನ್ಯೂ' ಅದೇ ಮನೆತನದವು. ದಖನಿಯಲ್ಲಿ 'ನೌ' ಎಂದರೆ ಒಂಬತ್ತಾಗುವುದು ಸಂಸ್ಕೃತದ ಮತ್ತೊಂದು 'ನವ'ದಿಂದ. ಪಾರಸಿಯಲ್ಲಿ ಒಂಬತ್ತಕ್ಕೆ 'ನುಹ್' ಎನ್ನುತ್ತಾರೆ. ಬಂಧುತ್ವ ಯಾವುದು, ಬರಿಯ ಹೋಲಿಕೆ ಯಾವುದು ಎಂಬುದನ್ನು ನಿರ್ಣಯಿಸುವುದು ಧ್ವನಿವ್ಯತ್ಯಾಸದ ನಿಯಮಬದ್ಧತೆ. ಹಳಗನ್ನಡದ ಪತ್ತು, ಪಾಲ್, ಪೊಸತುಗಳು ಹತ್ತು, ಹಾಲು, ಹೊಸತುಗಳಾದಂತೆ, ಒಂದು ಧ್ವನಿಯು ಅನೇಕ ಶಬ್ದಗಳಲ್ಲಿ ಒಂದೇ ಕ್ರಮದಿಂದ ಮಾರ್ಪಟ್ಟಿರಬೇಕು. 1786ರಲ್ಲಿ ಕಲಕತ್ತೆಯಲ್ಲಿ ವಿಲಿಯಂ ಜೋನ್ಸನು ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳು ಒಂದೇ ಮೂಲದವೆಂದು ಸೂಚಿಸಿದ ಬಳಿಕ, ಮುಂದಿನ ಶತಮಾನದ ಪಂಡಿತರು ಈ ನಿಯಮಗಳನ್ನು ಒಂದೊಂದಾಗಿ ಶೋಧಿಸಿ ಶಬ್ದಚರಿತ್ರೆಯನ್ನು ಶಾಸ್ತ್ರವಾಗಿಸಿದರು. ಅವರಲ್ಲೊಬ್ಬನಾದ ಕಾಲ್ಡ್‌ವೆಲ್ಲನು 1856ರಲ್ಲಿ ಕನ್ನಡ ಮೊದಲಾದ ದ್ರಾವಿಡ ಭಾಷೆಗಳಿಗೆ ತೌಲನಿಕ ವ್ಯಾಕರಣವನ್ನು ರಚಿಸಿದನು.

ನೌರಸಪುರವು ಬಹುಕಾಲ ಬಾಳಲಿಲ್ಲ. 1624ರಲ್ಲಿ ಅಹಮದನಗರದ ಸೇನಾನಿ ಮಲಿಕ್ ಅಂಬರನ ಸೈನ್ಯ ಅದನ್ನು ಹಾಳುಗೆಡವಿತು. ತೊರವಿಯ ಬಳಿ ಈಗ ಕಾಣುವುದು ಸಂಗೀತ ಮಹಲಿನ ಅವಶೇಷ.

ಇನ್ನು ಸಾರವಾಡದ ಮಾತು. 'ಸಾರ' ಎಂದೊಡನೆ ಡೋಣಿ ನದಿಯ ಕಣಿವೆಯ ಕರಿಮಣ್ಣಿನ ಸತ್ತ್ವವನ್ನು ನೆನೆದು ಊರಿನ ಹೆಸರಿಗೆ ಅರ್ಥ ಹೇಳಿಬಿಡುವುದು ಸುಲಭ. ಕಿವಿಗೆ ಇಂಪಾದುದು ಸತ್ಯವೇ ಆಗಬೇಕಾಗಿಲ್ಲ. ಸಂಸ್ಕೃತದ ಸಾರವೂ ಊಟದ ಎಲೆಗೆ ಬರುವ ಕನ್ನಡದ ಸಾರೂ ಬೇರೆ ಬೇರೆ ಶಬ್ದಗಳು. ಎರಡನೆಯದು ಹಳಗನ್ನಡದಲ್ಲಿ ಶಕಟರೇಫದ 'ಸಾಱು', ತಮಿಳಿನಲ್ಲಿಯೂ ಅದಕ್ಕೆ ಜೊತೆಗಾರನುಂಟು. ಆದುದರಿಂದ ತಮ್ಮೂರಿನ ಹೆಸರಿನ ಮೂಲವನ್ನು ಅರಸುವ ಓದುಗರು ಮೊದಲು ಶಾಸನಗಳಲ್ಲಿಯೂ ಹಳೆಯ ಕಾಗದಪತ್ರಗಳಲ್ಲಿಯೂ ಅದರ ಪ್ರಾಚೀನ ರೂಪವನ್ನು ಹುಡುಕಲಿ, ಅರ್ಥವನ್ನು ಆಮೇಲೆ ಹೇಳಲಿ.