ಹದಿನೆಂಟರ ಹುಡುಗನಲ್ಲಿ ಇಪ್ಪತ್ತೈದರ ಆಟಗಾರ

ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗ್ 1963ರಿಂದ ಪ್ರತಿವರ್ಷ ಯುವ ಆಟಗಾರರನ್ನು ತಂಡಗಳಿಗೆ ಹಂಚುವ ಆಯ್ಕೆಯೊಂದನ್ನು ನಡೆಸುತ್ತ ಬಂದಿದೆ. ಡ್ರಾಫ್ಟ್ ಎಂದು ಕರೆಯುವ ಈ ಆಯ್ಕೆಯಲ್ಲಿ ಈಗ 32 ತಂಡಗಳು ಏಳು ಸುತ್ತುಗಳಲ್ಲಿ ಇನ್ನೂರಕ್ಕೂ ಹೆಚ್ಚು ಆಟಗಾರರನ್ನು ಆರಿಸಿಕೊಳ್ಳುತ್ತವೆ. ಆಯ್ಕೆಯಾಗುವವರಲ್ಲಿ ಹೆಚ್ಚಿನವರಿಗೆ ಹದಿನೆಂಟರ ಆಸುಪಾಸು. ತಂಡಗಳಿಗೆ ಅವರು ಪೂರ್ಣವಾಗಿ ಒದಗುವುದು ಹಲವು ವರ್ಷಗಳ ನಂತರ. ಹೀಗಾಗಿ ಇನ್ನೂ ರೂಪುಗೊಳ್ಳದ ಆಟಗಾರನನ್ನು ಕಣ್ಣೆದುರಿನ ಹುಡುಗನಲ್ಲಿ ಗುರುತಿಸುವ ಹೊಣೆ ಪ್ರತಿಭಾಶೋಧಕರ ಮೇಲೆ ಬೀಳುತ್ತದೆ.

ಐಸ್ ಹಾಕಿಯಲ್ಲಿ ಗೋಲ್‌ಕೀಪರ್‌ನನ್ನು ಬಿಟ್ಟು ಪ್ರತಿ ತಂಡದ ಐವರು ಕಣದಲ್ಲಿರುತ್ತಾರೆ. ಅವರಲ್ಲಿ ಮೂವರು ದಾಳಿಗೆ ಮುಂದಾಗುವ ಫಾರ್ವರ್ಡ್‌ಗಳು. ಫಾರ್ವರ್ಡ್‌ನ ಪರೀಕ್ಷೆ ಮೊದಲಾಗುವುದು ಅವನ ಕಾಲಿನಿಂದ. ಮಂಜುಗಡ್ಡೆಯ ಮೇಲೆ ಸ್ಕೇಟಿನ ಉಕ್ಕಿನ ಅಲಗಿಗೆ ಘರ್ಷಣೆ ತೀರ ಕಡಿಮೆಯಾದ್ದರಿಂದ ಓಟಗಾರನಂತೆ ನೆಲವನ್ನು ನೇರ ಹಿಂದಕ್ಕೆ ಒದೆದು ವೇಗವಾಗಿ ಸಾಗಲಾಗದು. ಪಾದವನ್ನು ಹೊರಕ್ಕೆ ತಿರುಗಿಸಿ, ಅಲಗಿನ ಅಂಚನ್ನು ಮಂಜಿನಲ್ಲಿ ಊರಿ ಪಕ್ಕಕ್ಕೆ ತಳ್ಳಿದಾಗ ಮಾತ್ರ ದೇಹ ಮುನ್ನುಗ್ಗುತ್ತದೆ. ಅಲಗಿನ ತಳವನ್ನು ಉದ್ದಕ್ಕೂ ತುಸು ತಗ್ಗಾಗಿ ಮಸೆದು ಎರಡು ಅಂಚುಗಳನ್ನು ಮೂಡಿಸಿರುವುದು ಇದಕ್ಕಾಗಿಯೇ. ಆದ್ದರಿಂದ ಶೋಧಕರು ವೇಗವನ್ನಷ್ಟೇ ನೋಡದೆ, ಮೊಣಕಾಲು ಎಷ್ಟು ಬಾಗುತ್ತದೆ, ಮೊದಲ ಮೂರು ಹೆಜ್ಜೆಗಳಲ್ಲಿ ಎಷ್ಟು ಬಲವಿದೆ, ತಿರುವಿನಲ್ಲಿ ಅಂಚು ಹಿಡಿತ ಬಿಡುತ್ತದೆಯೇ ಎಂಬುದನ್ನೆಲ್ಲ ಗಮನಿಸುತ್ತಾರೆ.

ಎರಡನೆಯದು ಹೊಡೆತ. ಇಂದಿನ ಸಂಯುಕ್ತ ವಸ್ತುವಿನ ಕೋಲು ಮಂಜಿಗೆ ಒತ್ತಿದಾಗ ಬಿಲ್ಲಿನಂತೆ ಬಾಗಿ ಸ್ಥಿತಿಸ್ಥಾಪಕ ಶಕ್ತಿಯನ್ನು ಕೂಡಿಟ್ಟು, ನೆಟ್ಟಗಾಗುವಾಗ ಅದನ್ನು ಪಕ್ ಎಂಬ ರಬ್ಬರ್ ಬಿಲ್ಲೆಗೆ ದಾಟಿಸುತ್ತದೆ. ಬಿಲ್ಲೆ ಕೋಲಿಗೆ ಬಂದದ್ದಕ್ಕೂ ಹೊರಟದ್ದಕ್ಕೂ ನಡುವಿನ ಅವಧಿ ಕಿರಿದಾದಷ್ಟೂ ಗೋಲ್‌ಕೀಪರ್‌ಗೆ ಸಿದ್ಧನಾಗಲು ಕಡಿಮೆ ಸಮಯ ಸಿಗುತ್ತದೆ. ಹೊಡೆಯುವ ಮುನ್ನ ಬಿಲ್ಲೆಯನ್ನು ಒಳಕ್ಕೆಳೆದು ಕೋನ ಬದಲಿಸಿದರೆ, ಅವನು ಮೊದಲೇ ಲೆಕ್ಕ ಹಾಕಿ ನಿಂತ ಜಾಗವೂ ತಪ್ಪಾಗುತ್ತದೆ.

ಇವೆರಡಕ್ಕಿಂತ ಸೂಕ್ಷ್ಮವಾದದ್ದು ಆಟದ ಅರಿವು. ಬಿಲ್ಲೆ ತನ್ನತ್ತ ಬರುವ ಮೊದಲೇ ಹೆಗಲ ಮೇಲಿಂದ ಹಿಂದಕ್ಕೆ ಕಣ್ಣು ಹಾಯಿಸುವ ಹುಡುಗನಿಗೆ ಯಾರು ಎಲ್ಲಿದ್ದಾರೆಂಬ ಚಿತ್ರ ಆಗಲೇ ಸಿಕ್ಕಿರುತ್ತದೆ. ಇಂಥ ಅರಿವಿನ ಫಲವನ್ನು ಸ್ವಲ್ಪಮಟ್ಟಿಗೆ ಎಣಿಸಲೂಬಹುದು. ರಸಾಯನಶಾಸ್ತ್ರದ ಹಿನ್ನೆಲೆಯಿಂದ ಬಂದು ಮುಂದೆ ಕ್ಯಾರೊಲಿನಾ ಹರಿಕೇನ್ಸ್ ತಂಡದ ಮಹಾವ್ಯವಸ್ಥಾಪಕರಾದ ಎರಿಕ್ ಟಲ್ಸ್ಕಿ ಮತ್ತು ಸಂಗಡಿಗರು 2013ರಲ್ಲಿ ತೋರಿಸಿದಂತೆ, ಬಿಲ್ಲೆಯನ್ನು ಎದುರಾಳಿಯ ವಲಯಕ್ಕೆ ಸುಮ್ಮನೆ ಎಸೆದು ಬೆನ್ನಟ್ಟುವುದಕ್ಕಿಂತ ಹಿಡಿತದಲ್ಲಿಟ್ಟುಕೊಂಡು ಒಳನುಗ್ಗಿದಾಗ ಸುಮಾರು ಎರಡು ಪಟ್ಟು ಹೊಡೆತಗಳು ದಕ್ಕುತ್ತವೆ.

ದೇಹಬಲವನ್ನು ಅಳೆಯುವುದು ಇದಕ್ಕಿಂತ ಸುಲಭ. ಡ್ರಾಫ್ಟ್‌ಗೆ ಮುನ್ನ ನಡೆಯುವ ಪರೀಕ್ಷಾ ಶಿಬಿರದಲ್ಲಿ ಆಮ್ಲಜನಕ ಬಳಕೆಯ ಗರಿಷ್ಠ ಮಿತಿ, ಜಿಗಿತ, ಹಿಡಿತದ ಬಲ ಎಲ್ಲವೂ ದಾಖಲಾಗುತ್ತವೆ. ಸ್ಕೇಟಿಂಗ್ ಮಾತ್ರ ಅಲ್ಲಿಲ್ಲ. 2014ರ ಶಿಬಿರದಲ್ಲಿ ಸ್ಯಾಮ್ ಬೆನೆಟ್ ಎಂಬ ಹುಡುಗನಿಗೆ ಸರಳು ಹಿಡಿದು ಒಂದು ಬಾರಿಯೂ ಮೈಯನ್ನು ಮೇಲೆತ್ತಲಾಗಲಿಲ್ಲ. ಆದರೂ ಆತ ನಾಲ್ಕನೆಯವನಾಗಿ ಆಯ್ಕೆಯಾದ, 2025ರಲ್ಲಿ ಲೀಗಿನ ಚಾಂಪಿಯನ್ ತಂಡವನ್ನು ನಿರ್ಧರಿಸುವ ಸ್ಟ್ಯಾನ್ಲಿ ಕಪ್ ಪ್ಲೇಆಫ್‌ನ ಅತ್ಯುತ್ತಮ ಆಟಗಾರನೆನಿಸಿದ.

ಬಲಕ್ಕಿಂತಲೂ ಹೆಚ್ಚು ಕಣ್ಣನ್ನು ದಾರಿ ತಪ್ಪಿಸುವುದು ವಯಸ್ಸು. ಕೆನಡಾದ ಬಾಲ ಹಾಕಿಯಲ್ಲಿ ಜನವರಿ 1ರಿಂದ ವಯೋವರ್ಗದ ಗಣನೆ ಆರಂಭವಾಗುವುದರಿಂದ, ಜನವರಿಯಲ್ಲಿ ಹುಟ್ಟಿದವನು ಅದೇ ವರ್ಷದ ಡಿಸೆಂಬರ್‌ನಲ್ಲಿ ಹುಟ್ಟಿದವನಿಗಿಂತ ಸುಮಾರು ಒಂದು ವರ್ಷ ದೊಡ್ಡವನಾಗಿದ್ದೂ ಅವನ ಜೊತೆಯಲ್ಲೇ ಆಡುತ್ತಾನೆ. ಎತ್ತರದಲ್ಲಿ, ಬಲದಲ್ಲಿ ಮುಂದಿರುವ ಅವನು ಒಳ್ಳೆಯ ತಂಡಕ್ಕೆ, ಒಳ್ಳೆಯ ತರಬೇತುದಾರನ ಕೈಗೆ ಬೇಗ ಸೇರುತ್ತಾನೆ. ಈ ಸಾಪೇಕ್ಷ ವಯಸ್ಸಿನ ಪರಿಣಾಮವನ್ನು ಮನೋವಿಜ್ಞಾನಿ ರಾಜರ್ ಬಾರ್ನ್‌ಸ್ಲಿ ಮತ್ತು ಸಹೋದ್ಯೋಗಿಗಳು 1985ರಲ್ಲಿ ಹಾಕಿಯಲ್ಲಿ ಗುರುತಿಸಿದರು. 1980ರಿಂದ 2007ರವರೆಗಿನ ಡ್ರಾಫ್ಟ್‌ಗಳಲ್ಲಿ ಆಯ್ಕೆಯಾದ ಕೆನಡಾದ ಆಟಗಾರರನ್ನು ರಾಬರ್ಟ್ ಡೀನರ್ ಮತ್ತು ಸಂಗಡಿಗರು 2013ರಲ್ಲಿ ಪರಿಶೀಲಿಸಿದಾಗ, ವರ್ಷದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದವರ ಪಾಲು ಶೇ 36, ಕೊನೆಯ ಮೂರು ತಿಂಗಳವರ ಪಾಲು ಶೇ 14.5 ಎಂದು ಕಂಡುಬಂತು. ಅಚ್ಚರಿಯೆಂದರೆ, ಒಂದೇ ಸರದಿಯಲ್ಲಿ ಆಯ್ಕೆಯಾದವರನ್ನು ಹೋಲಿಸಿದಾಗ, ವರ್ಷದ ಉತ್ತರಾರ್ಧದಲ್ಲಿ ಹುಟ್ಟಿದವರು 400 ಪಂದ್ಯಗಳಂಥ ಮೈಲಿಗಲ್ಲು ಮುಟ್ಟುವ ಸಾಧ್ಯತೆ ಸುಮಾರು ಎರಡು ಪಟ್ಟಿತ್ತು. ಅವರ ಬೆಲೆಯನ್ನು ತಂಡಗಳು ಕಾಲು ಶತಮಾನಕ್ಕೂ ಮೀರಿ ಕಡಿಮೆ ಕಟ್ಟುತ್ತ ಬಂದಿದ್ದವು.

ವಯಸ್ಸಿನ ಜೊತೆ ಮೈಕಟ್ಟೂ ತೀರ್ಪನ್ನು ಬಾಗಿಸುತ್ತದೆ. ಉರಲ್ ಪ್ರದೇಶದ ತೆಳುಮೈಯ ಪಾವೆಲ್ ದತ್ಸ್ಯುಕ್ ಎರಡು ಡ್ರಾಫ್ಟ್‌ಗಳಲ್ಲಿ ಯಾರಿಗೂ ಬೇಡವಾಗಿದ್ದ. 1998ರಲ್ಲಿ ಡೆಟ್ರಾಯಿಟ್ ತಂಡ ಅವನನ್ನು 171ನೆಯವನಾಗಿ ಆರಿಸಿತು. ಬೇರೊಬ್ಬ ಆಟಗಾರನನ್ನು ನೋಡಲು ಹೋಗಿದ್ದ ಶೋಧಕ ಹೋಕನ್ ಆಂಡರ್ಸನ್ ಕಣ್ಣಿಗೆ ಅವನು ಬಿದ್ದದ್ದೇ ಕಾರಣ. ಮುಂದೆ ಅವನು ಎರಡು ಸ್ಟ್ಯಾನ್ಲಿ ಕಪ್ ಗೆದ್ದು, 2024ರಲ್ಲಿ ಹಾಕಿಯ ಹಾಲ್ ಆಫ್ ಫೇಮ್ ಸೇರಿದ.

ಹಾಗಾಗಿ ಗೋಲುಗಳ ಎಣಿಕೆಯನ್ನು ಹಾಗೆಯೇ ಒಪ್ಪದೆ, ಹುಟ್ಟಿದ ತಿಂಗಳು, ಲೀಗಿನ ಮಟ್ಟ, ಜೊತೆಗಾರರ ಗುಣಮಟ್ಟ ಇವುಗಳಿಗೆ ಹೊಂದಿಸಿ ಓದುವ ವಿಧಾನ ಇಂದು ಬೆಳೆದಿದೆ. ಈ ಹೊಂದಾಣಿಕೆ ಶೋಧಕನ ಕಣ್ಣಿಗೆ ಬದಲಿಯಲ್ಲ. ಬೇಗ ಬೆಳೆದ ಹುಡುಗನನ್ನೂ ಹೆಚ್ಚು ಬೆಳೆಯಬಲ್ಲ ಹುಡುಗನನ್ನೂ ಬೇರ್ಪಡಿಸಿ ನೋಡಲು ಅದು ಆ ಕಣ್ಣಿಗೆ ನೆರವಾಗುತ್ತದೆ, ಮತ್ತು ಡ್ರಾಫ್ಟ್‌ನ ಲಾಭನಷ್ಟ ಬಹುಮಟ್ಟಿಗೆ ನಿಂತಿರುವುದು ಈ ಬೇರ್ಪಡಿಸುವಿಕೆಯ ಮೇಲೆಯೇ.