ಗೋಣಿಬಟ್ಟೆಯ ಮೇಲೆ ಹೊಲಿದ ಕಥೆ

ಉತ್ತರ ಕರ್ನಾಟಕದಿಂದ ಬಂದ ನಮ್ಮಲ್ಲಿ ಅನೇಕರು ಇಲ್ಲಿ ಕೊಲ್ಲಿ ನಾಡಿಗೆ ಹೊರಡುವಾಗ ಒಂದು ಕೌದಿಯನ್ನು ಪೆಟ್ಟಿಗೆಯಲ್ಲಿಟ್ಟು ತಂದಿದ್ದೇವೆ. ಹೊರಗೆ ಎಷ್ಟೇ ಬಿಸಿಲಿರಲಿ, ರಾತ್ರಿ ಏ.ಸಿ. ಹಾಕಿದ ಮೇಲೆ ಅದೇ ಬೇಕು! ಮಕ್ಕಳೇ, ಆ ಕೌದಿಯ ಒಂದು ತುಂಡು ಮುಟ್ಟಿ "ಇದು ಯಾರ ಸೀರೆ?" ಎಂದು ಅಮ್ಮನನ್ನು ಕೇಳಿ ನೋಡಿ. ಒಂದೊಂದು ತುಂಡಿಗೂ ಒಂದೊಂದು ಕಥೆ ಇರುತ್ತದೆ. ದಕ್ಷಿಣ ಅಮೆರಿಕದ ಚಿಲಿ ದೇಶದ ಹೆಂಗಸರು ಇಂಥದೇ ಹಳೆಯ ಬಟ್ಟೆ ತುಂಡುಗಳಿಂದ ತಮ್ಮ ನಾಡಿನ ಕಥೆಯನ್ನು ಜಗತ್ತಿಗೆ ಹೇಳಿದರು. ಅದನ್ನು ಈ ಸಲ ನಿಮಗೆ ಪರಿಚಯಿಸುತ್ತಿದ್ದೇವೆ.

1973ರ ಸೆಪ್ಟೆಂಬರ್ 11ರಂದು ಚಿಲಿಯ ಸೇನೆ ಚುನಾಯಿತ ಸರ್ಕಾರವನ್ನು ಉರುಳಿಸಿತು. ಜನರಲ್ ಪಿನೊಚೆ 1990ರ ವರೆಗೆ ದೇಶವನ್ನು ಆಳಿದ. ಆ ಅವಧಿಯಲ್ಲಿ 3,000ಕ್ಕೂ ಹೆಚ್ಚು ಮಂದಿ ಕೊಲೆಯಾದರು ಇಲ್ಲವೇ ಕಾಣೆಯಾದರು. ಕಾಣೆಯಾದರು ಎಂದರೆ ದಾರಿ ತಪ್ಪಿದರು ಎಂದಲ್ಲ. ಮನೆಯಿಂದಲೋ ಬೀದಿಯಿಂದಲೋ ಅವರನ್ನು ಹಿಡಿದೊಯ್ಯುತ್ತಿದ್ದರು. ಮನೆಯವರು ಹೋಗಿ ವಿಚಾರಿಸಿದರೆ "ಅಂಥವರು ನಮ್ಮಲ್ಲಿಲ್ಲ" ಎನ್ನುತ್ತಿದ್ದರು.

ಮಗನಿಲ್ಲ, ಗಂಡನಿಲ್ಲ, ಮನೆಗೆ ದುಡಿಮೆಯೂ ಇಲ್ಲ. ಪತ್ರಿಕೆಗಳು ಬರೆಯುವಂತಿರಲಿಲ್ಲ. ಅಂಥ ಹೊತ್ತಿನಲ್ಲಿ ರಾಜಧಾನಿ ಸ್ಯಾಂಟಿಯಾಗೊದಲ್ಲಿ ಚರ್ಚಿನ ಆಸರೆಯಲ್ಲಿ ಹೆಂಗಸರು ಗುಂಪುಗೂಡಿ ಹೊಲಿಯಲು ಕುಳಿತರು. ಗೋಣಿಬಟ್ಟೆಯ ಮೇಲೆ ಬಣ್ಣದ ಚಿಂದಿಗಳನ್ನು ಹೊಲಿದು ಮಾಡುವ ಈ ಚಿತ್ರಕ್ಕೆ 'ಅರ್ಪಿಯೆರಾ' ಎಂದು ಹೆಸರು. ಸ್ಪ್ಯಾನಿಷ್ ಭಾಷೆಯಲ್ಲಿ ಆ ಮಾತಿಗೆ ಗೋಣಿಬಟ್ಟೆ ಎಂದೇ ಅರ್ಥ. ಈ ಕಲೆ ಅದಕ್ಕೂ ಮುಂಚೆಯೇ ಅಲ್ಲಿತ್ತು. ಹೆಸರಾಂತ ಜನಪದ ಗಾಯಕಿ ವಿಯೋಲೆತಾ ಪಾರಾ ಅವರ ಅರ್ಪಿಯೆರಾಗಳು 1964ರಲ್ಲೇ ಪ್ಯಾರಿಸ್‌ನಲ್ಲಿ ಪ್ರದರ್ಶನಗೊಂಡಿದ್ದವು.

ಮೇಲ್ನೋಟಕ್ಕೆ ಇವು ಮಕ್ಕಳ ಚಿತ್ರದಂತೆಯೇ ಕಾಣುತ್ತವೆ. ಮೇಲೆ ಆಂಡಿಸ್ ಪರ್ವತ, ಸೂರ್ಯ, ಕೆಳಗೆ ಪುಟ್ಟ ಮನೆಗಳು, ಬೆರಳುದ್ದದ ಬಟ್ಟೆಯ ಬೊಂಬೆಗಳು. ಹತ್ತಿರ ಹೋಗಿ ನೋಡಬೇಕು. ನಲ್ಲಿಯಲ್ಲಿ ನೀರಿಲ್ಲ. ಕಾರ್ಖಾನೆಯ ಬಾಗಿಲು ಮುಚ್ಚಿದೆ. ಕೇರಿಯವರೆಲ್ಲ ಸೇರಿ ಒಂದೇ ಹಂಡೆಯಲ್ಲಿ ಅಡುಗೆ ಮಾಡುತ್ತಿದ್ದಾರೆ. ಹೆಂಗಸರ ಕೈಯಲ್ಲಿ ಒಂದು ಬರಹ: "ಅವರೆಲ್ಲಿ?" ಕೆಲವರು ಕಾಣೆಯಾದವನ ಅಂಗಿಯನ್ನೇ ಕತ್ತರಿಸಿ ಚಿತ್ರಕ್ಕೆ ಹೊಲಿದರು. ಆ ಅಂಗಿಗೆ ಕತ್ತರಿ ಹಾಕಲು ಅವರಿಗೆ ಹೇಗೆ ಕೈ ಬಂತೋ ಎಂದು ನಮಗೆ ಇದನ್ನು ಬರೆಯುವಾಗ ಮತ್ತೆ ಮತ್ತೆ ಅನ್ನಿಸಿತು.

ಚರ್ಚಿನ ಸಂಸ್ಥೆಯ ಮೂಲಕ ಈ ಚಿತ್ರಗಳು ವಿದೇಶಗಳಿಗೆ ಹೋಗಿ ಮಾರಾಟವಾದವು. ಮನೆಗೆ ನಾಲ್ಕು ಕಾಸು ಬಂತು. ಪತ್ರಿಕೆಗಳು ಹೇಳಲಾಗದ ಸುದ್ದಿಯೂ ಜೊತೆಗೇ ಗಡಿ ದಾಟಿತು. ಹೆಂಗಸರ ಹೊಲಿಗೆ ಎಂದರೆ ಮನೆಗೆಲಸ ಎಂದು ಅಧಿಕಾರಿಗಳು ಮೊದಮೊದಲು ಅತ್ತ ಗಮನವನ್ನೇ ಕೊಡಲಿಲ್ಲ. ನಮ್ಮಲ್ಲೂ ಕೌದಿ ಹೊಲಿಯುವುದನ್ನು ಕಲೆ ಎಂದವರು ಎಷ್ಟು ಜನ?

ಹೀಗೆ ಹೊಲಿದವರಲ್ಲಿ ವಿಯೋಲೆತಾ ಮೊರಾಲೆಸ್ ಒಬ್ಬರು. ಅವರ ಸಹೋದರ ನ್ಯೂಟನ್ 1974ರಲ್ಲಿ ಕಾಣೆಯಾದರು. ಕಾಣೆಯಾದವರ ಮನೆಯ ಹೆಂಗಸರನ್ನು ಕೂಡಿಸಿ ಅವರು ಒಂದು ಜನಪದ ತಂಡವನ್ನೂ ಕಟ್ಟಿದರು. 'ಕ್ವೆಕಾ' ಚಿಲಿಯ ಜನರ ನೆಚ್ಚಿನ ನೃತ್ಯ. ಗಂಡು ಹೆಣ್ಣು ಜೋಡಿಯಾಗಿ ಕರವಸ್ತ್ರ ಬೀಸುತ್ತಾ ಕುಣಿಯುವಂಥದು. 1978ರ ಮಾರ್ಚ್ 8ರಂದು, ಮಹಿಳಾ ದಿನ, ಆ ತಂಡದ ಹೆಂಗಸು ವೇದಿಕೆಯ ಮೇಲೆ ಒಬ್ಬಳೇ ಕುಣಿದಳು. ಜೊತೆಗಾರ ಇರಬೇಕಾದ ಜಾಗ ಖಾಲಿ ಇತ್ತು.

1988ರಲ್ಲಿ ನಡೆದ ಜನಮತಗಣನೆಯಲ್ಲಿ ಜನ ಪಿನೊಚೆಗೆ "ಬೇಡ" ಎಂದರು. 2010ರಲ್ಲಿ ತೆರೆದ ಸ್ಯಾಂಟಿಯಾಗೊದ ಸ್ಮರಣೆಯ ವಸ್ತುಸಂಗ್ರಹಾಲಯದಲ್ಲಿ ಈ ಗೋಣಿಬಟ್ಟೆಯ ಚಿತ್ರಗಳನ್ನು ಜೋಪಾನವಾಗಿ ಇಟ್ಟಿದ್ದಾರೆ. ಕಾಣೆಯಾದವರನ್ನು ಹುಡುಕುವ ರಾಷ್ಟ್ರೀಯ ಯೋಜನೆಯನ್ನು ಸರ್ಕಾರ ಪ್ರಕಟಿಸಿದ್ದು 2023ರಲ್ಲಿ, ಸೇನೆ ಅಧಿಕಾರ ಹಿಡಿದ ಐವತ್ತು ವರ್ಷಗಳ ಮೇಲೆ. ಅಷ್ಟರಲ್ಲಿ ಹೊಲಿದ ತಾಯಂದಿರಲ್ಲಿ ಅನೇಕರು ತೀರಿಕೊಂಡಿದ್ದರು. ವಿಯೋಲೆತಾ ಮೊರಾಲೆಸ್ 2000ದಲ್ಲೇ ಹೋದರು, ಸಹೋದರನ ಸುದ್ದಿ ತಿಳಿಯದೆ.